ಮಕ್ಕಳಿಗೆ ವ್ಯಾಕ್ಸಿನ್ ಕಾರ್ಡ್ ಉಂಟು, ದೊಡ್ಡವರಿಗೆಂತ ಉಂಟು? ನಮ್ಮ ಪಂಚಾಯತಿನವರಿಗೆ ಒಂದು ಬಹಿರಂಗ ಪತ್ರ

ಪಂಚಾಯತ್ ಪ್ರೆಸಿಡೆಂಟರಿಗೆ, ಎಲ್ಲಾ ವಾರ್ಡಿನ ಮೆಂಬರುಗಳಿಗೆ, ಆರೋಗ್ಯ ಇಲಾಖೆಯಲ್ಲಿ ಇದನ್ನು ಓದ್ಲಿಕ್ಕೆ ಪುರುಸೊತ್ತು ಇರುವವರಿಗೆ, ಹಾಗೇ ನಮ್ಮೂರಿನ ಎಲ್ಲರಿಗೂ ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವ, ಪೇಟೆಯ ಒಂದು ಮೆಡಿಕಲ್ ಶಾಪಲ್ಲಿ ಫಾರ್ಮಸಿಸ್ಟ್. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿ ಬಿಡ್ತೇನೆ, ಯಾಕಂದ್ರೆ ಮೆಡಿಕಲಿನವ ಎರಡು ಮಾತು ಜಾಸ್ತಿ ಆಡಿದ್ರೆ "ನೀನೆಂತ ಡಾಕ್ಟರಾ" ಅಂತ ಕೇಳುವವರುಂಟು, ಕೇಳಬೇಕಾದ್ದೇ. ಆದ್ರೆ ಕೌಂಟರಿನ ಒಳಗೆ ದಿನವಿಡೀ ನಿಂತವನಿಗೆ ಒಂದು ವಿಷಯ ಸರಿಯಾಗಿ ಕಾಣ್ತದೆ. ನಮ್ಮಲ್ಲಿ ದೊಡ್ಡವರು ವ್ಯಾಕ್ಸಿನ್ ಅಂತ ಕೇಳಿಕೊಂಡು ಬರುವುದು ಎರಡೇ ಹೊತ್ತಿಗೆ, ಗಾಯ ಆದಾಗ ಇಲ್ಲಾ ನಾಯಿ ಕಚ್ಚಿದಾಗ. ಕೋವಿಡ್ ಸಮಯದ ಎರಡು ಡೋಸ್ ಬಿಟ್ರೆ ಮತ್ತೆ ಯಾರಿಗೂ ಲೆಕ್ಕ ಇಲ್ಲ, ಲೆಕ್ಕ ಇಡಬೇಕು ಅಂತಲೂ ಗೊತ್ತಿಲ್ಲ.

ಅದೇ ಮಕ್ಕಳದ್ದು ನೋಡಿ. ಹುಟ್ಟಿದ ಕೂಡ್ಲೆ ಕಾರ್ಡ್, ಆ ಕಾರ್ಡನ್ನು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಆಧಾರ್, ರೇಷನ್ ಕಾರ್ಡಿನ ಒಟ್ಟಿಗೆ ಬೀರಿನಲ್ಲಿ ಇಡ್ತಾರೆ, ತಾರೀಕು ತಪ್ಪಿದ್ರೆ ಆಶಾ ಅಕ್ಕ ಫೋನ್ ಮಾಡ್ತಾರೆ, ಫೋನ್ ತೆಗೆಯದಿದ್ರೆ ಮನೆಗೇ ಬರ್ತಾರೆ. ಆ ಮಗುವನ್ನು ಎತ್ತಿಕೊಂಡು ಬರುವ ಅಜ್ಜನಿಗೆ ಸಕ್ಕರೆ ಕಾಯಿಲೆ ಉಂಟು, ಬೀಡಿ ಸೇದಿ ಸೇದಿ ಎದೆಯೂ ಹಾಳಾಗಿದೆ, ಆದ್ರೆ ಅವರಿಗೆ ಎಂತ ಹಾಕಿಸಿದೆ ಎಂತ ಹಾಕಿಸಿಲ್ಲ ಅಂತ ಕೇಳುವ ಒಬ್ಬರೇ ಒಬ್ಬರು ಇಲ್ಲ. ನಾನು ಕೇಳುವುದು ಇಷ್ಟೇ, ಮಕ್ಕಳಿಗೆ ಇಟ್ಟ ಹಾಗೆ ದೊಡ್ಡವರಿಗೂ ಒಂದು ಲೆಕ್ಕ ಇಡಿ. ಒಂದು ಕಾರ್ಡ್, ತಿಂಗಳಿಗೆ ಒಂದು ದಿನ, ಕೇಳ್ಲಿಕ್ಕೆ ಒಂದು ಜನ.

ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗಬಹುದು.

ಅಡಿಕೆ ಸುಲಿಯುವಾಗ ಮೆಟ್ಟುಕತ್ತಿ ತಾಗಿದವರು, ಹಟ್ಟಿಯಿಂದ ಗೊಬ್ಬರ ತೆಗೆಯುವಾಗ ಹಾರೆ ಕಾಲಿಗೆ ಬಿದ್ದವರು, ಎಲ್ಲಾ ಒಂದು ಬಟ್ಟೆ ತುಂಡು ಸುತ್ತಿಕೊಂಡು ಬಂದು "ಒಂದು ಟಿಟಿ ಉಂಟಾ" ಅಂತ ಕೇಳ್ತಾರೆ, ಧನುರ್ವಾಯು ಬಾರದ ಹಾಗೆ ಹಾಕುವ ಇಂಜೆಕ್ಷನ್ ಅದು. ಇದಕ್ಕಿಂತ ಮೊದಲು ಯಾವಾಗ ತಕೊಂಡದ್ದು ಅಂತ ಕೇಳಿದ್ರೆ ಎರಡು ತರದ ಉತ್ತರ. ಒಂದು, "ಹೋದ ಮಳೆಗಾಲದಲ್ಲಿ ತಕೊಂಡಿದ್ದೆ, ಇರ್ಲಿ ಇನ್ನೊಂದು". ಇನ್ನೊಂದು, "ತಕೊಂಡ ನೆನಪೇ ಇಲ್ಲ ಮಾರಾಯ". ಇದರಲ್ಲಿ ಕೋರ್ಸ್ ಪೂರ್ತಿ ಆದವರಿಗೆ ಪುನಃ ಪುನಃ ಬೇಡ, ಏನೂ ತಕೊಳ್ಳದವರಿಗೆ ಒಂದು ಸಾಕಾಗುವುದಿಲ್ಲ. ಇದು ಎಷ್ಟು ಹೇಳಿದ್ರೂ ಜನರ ತಲೆಗೆ ಹೋಗುವುದಿಲ್ಲ. ಧನುರ್ವಾಯುವಿನ ರೋಗಾಣು ತುಕ್ಕು ಹಿಡಿದ ಆಣಿಯಲ್ಲಿ ಮಾತ್ರ ಇರುವುದಲ್ಲ, ಮಣ್ಣಲ್ಲಿ, ಸೆಗಣಿಯಲ್ಲಿ ವರ್ಷಗಟ್ಟಲೆ ಇರ್ತದೆ, ಅಂದ್ರೆ ನಮ್ಮ ತೋಟ, ನಮ್ಮ ಹಟ್ಟಿ, ನಮ್ಮ ಅಂಗಳ. ಮೊದಲ ಸಲ ಹಾಕಿದ ಡೋಸ್ ಮೈಯಲ್ಲಿ ಕೆಲಸ ಮಾಡ್ಲಿಕ್ಕೆ ದಿನಗಳು ವಾರಗಳು ಬೇಕು, ಹಾಗಾಗಿ ಹಿಂದೆ ಎಂತದೂ ತಕೊಳ್ಳದವರಿಗೆ ಗಲೀಜು ಗಾಯ ಆದ್ರೆ ಇಮ್ಯುನೊಗ್ಲೋಬ್ಯುಲಿನ್ ಅಂತ ಬೇರೆ ಇಂಜೆಕ್ಷನ್ ಕೂಡ ಬೇಕಾಗ್ತದೆ, ಅದು ನಮ್ಮ ಹಾಗಿನ ಸಣ್ಣ ಪೇಟೆಯಲ್ಲಿ ಹುಡುಕಿದ ಕೂಡ್ಲೆ ಸಿಗುವ ಸಾಮಾನಲ್ಲ. ಸರಿಯಾದ ಕ್ರಮ ಹೇಳುವುದಾದ್ರೆ ಒಂದು ತಿಂಗಳ ಅಂತರದಲ್ಲಿ ಎರಡು, ಆಮೇಲೆ ಆರು ತಿಂಗಳಿಂದ ಒಂದು ವರ್ಷದ ಒಳಗೆ ಮೂರನೆಯದ್ದು, ಮತ್ತೆ ಹತ್ತು ವರ್ಷಕ್ಕೊಮ್ಮೆ ಬೂಸ್ಟರ್. ನಡುವೆ ಮಣ್ಣು ಸೆಗಣಿ ತಾಗಿದ ಗಾಯ ಆದ್ರೆ, ಹಿಂದಿನದ್ದಕ್ಕೆ ಐದು ವರ್ಷ ಆಗಿದ್ರೆ, ಆಗ ಒಂದು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಧನುರ್ವಾಯು ಒಮ್ಮೆ ಬಂದು ಬದುಕಿದವರಿಗೂ ಪುನಃ ಬರಬಹುದು, ಬಂದು ಹೋದ್ರೆ ಮೈಗೆ ಶಕ್ತಿ ಬರುವ ಕಾಯಿಲೆ ಅಲ್ಲ ಅದು.

ಈಗ ಲೆಕ್ಕ ಹಾಕಿ. ನಮ್ಮ ದೇಶದಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಸರ್ಕಾರಿ ಪ್ರೋಗ್ರಾಂ ಶುರುವಾದದ್ದು 1978ರಲ್ಲಿ, ಈಗಿನ ರೂಪಕ್ಕೆ ಬಂದದ್ದು 1985ರಲ್ಲಿ. ಅದಕ್ಕಿಂತ ಮೊದಲು ಹುಟ್ಟಿದವರು ಇವತ್ತು ನಲ್ವತ್ತು, ಐವತ್ತು, ಎಪ್ಪತ್ತರ ಪ್ರಾಯದವರು. ಹೆಂಗಸರಿಗೆ ಬಸುರಿ ಆದಾಗ ಟಿಟಿ ಹಾಕಿದ್ದು ಇರ್ತದೆ, ಗಂಡಸರಿಗೆ ಅದೂ ಇಲ್ಲ. ತೋಟದಲ್ಲಿ ಬರಿಗಾಲಲ್ಲಿ ತಿರುಗುವ ಅಜ್ಜಂದಿರೇ ಎಲ್ಲರಿಗಿಂತ ಖಾಲಿ ಕೈಯಲ್ಲಿ ಇರುವವರು ಅಂತ ಇದರರ್ಥ.

ಈಗ ಸರ್ಕಾರಿ ಪ್ರೋಗ್ರಾಂನಲ್ಲಿ ಟಿಟಿ ಬದಲು ಟಿಡಿ ಬಂದಿದೆ, ಅದರಲ್ಲಿ ಗಂಟಲಮಾರಿ, ಅಂದ್ರೆ ಡಿಫ್ತೀರಿಯಾದ್ದೂ ಸೇರಿದೆ. ಗಂಟಲಮಾರಿ ಹಳೇ ಕಾಲದ ಕಾಯಿಲೆ ಅಂತ ನಗಬೇಡಿ, ನಮ್ಮ ಕೇರಳದಲ್ಲೇ ಮಲಪ್ಪುರಂನಲ್ಲಿ 2015, 2016ರಲ್ಲಿ ಪುನಃ ಬಂತು, ಸಾವೂ ಆಯ್ತು, ಸಣ್ಣ ಮಕ್ಕಳಿಗೆ ಮಾತ್ರ ಅಲ್ಲ ಪ್ರಾಯಕ್ಕೆ ಬಂದವರಿಗೂ ಬಂತು. ಸಣ್ಣದಿರುವಾಗ ಹಾಕಿದ್ದು ಸಾಯುವವರೆಗೆ ನಿಲ್ಲುವುದಿಲ್ಲ, ವರ್ಷ ಹೋದ ಹಾಗೆ ಅದರ ಶಕ್ತಿ ಇಳೀತದೆ. ತೋಟಕ್ಕೆ ಒಮ್ಮೆ ಮದ್ದು ಬಿಟ್ಟು ಇನ್ನು ಕೊಳೆರೋಗ ಬಾರದು ಅಂತ ಯಾರಾದ್ರೂ ಕೂತ್ಕೊಳ್ತಾರಾ? ಮಳೆ ಮುಂದುವರಿದ್ರೆ ಪುನಃ ಬಿಡ್ತೇವಲ್ಲ.

ಇನ್ನು ಸರ್ಪಸುತ್ತಿನ ವಿಷಯ, ಇದನ್ನು ಬರೀಲೇಬೇಕು. ನಮ್ಮ ಕಡೆ ಇದಕ್ಕೆ ಡಾಕ್ಟರ್ ಹತ್ರ ಮೊದಲು ಹೋಗುವವರು ಕಮ್ಮಿ. ಬೆನ್ನಿಂದ ಹೊಟ್ಟೆಯ ಕಡೆಗೆ ಒಂದೇ ಬದಿಯಲ್ಲಿ ಪಟ್ಟಿ ಹಾಗೆ ಗುಳ್ಳೆ ಏಳ್ತದೆ, ಉರಿ ಅಂದ್ರೆ ಉರಿ, ಅಂಗಿಯ ಬಟ್ಟೆ ತಾಗಿದ್ರೂ ಆಗುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಒಂದೇ ಹೆದರಿಕೆ, ಸುತ್ತು ಬಂದು ಹೆಡೆಯೂ ಬಾಲವೂ ಮುಟ್ಟಿದ್ರೆ ಜನ ಉಳಿಯುವುದಿಲ್ಲ ಅಂತ. ಮಂತ್ರ ಮಾಡುವವರ ಹತ್ರ ಹೋಗಿ, ಕೆಮ್ಮಣ್ಣು ಹಚ್ಚಿಸಿ, ನಾಲ್ಕೈದು ದಿನ ಕಳೆದ ಮೇಲೆ ನಮ್ಮಲ್ಲಿಗೆ ಬಂದು ಕ್ಯಾಲಮೈನ್ ಲೋಶನ್ ಕೇಳ್ತಾರೆ. ನಂಬಿಕೆಗೆ ನಾನು ಬೈಯುವುದಿಲ್ಲ, ಮಂತ್ರ ಮಾಡಿಸುವವರು ಮಾಡಿಸ್ಲಿ, ಆದ್ರೆ ವೈರಸ್ಸನ್ನು ತಡೆಯುವ ಮಾತ್ರೆ ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದ್ರೆ ಹೆಚ್ಚು ಪ್ರಯೋಜನ, ಆ ಮೂರು ದಿನ ನಾವು ಕೆಮ್ಮಣ್ಣಲ್ಲಿ ಕಳೆದು ಬಿಡ್ತೇವೆ.

ನಿಜ ವಿಷಯ ಎಂತ ಅಂದ್ರೆ ಸಣ್ಣದಿರುವಾಗ ಚಿಕನ್ ಪಾಕ್ಸ್ ಬಂದವರ ಮೈಯಿಂದ ಆ ವೈರಸ್ ಹೋಗುವುದೇ ಇಲ್ಲ, ಬೆನ್ನುಹುರಿಯ ಹತ್ರ ನರದ ಬುಡದಲ್ಲಿ ಸುಮ್ನೆ ಕೂತಿರ್ತದೆ. ಐವತ್ತು ದಾಟಿ ಮೈಯ ಶಕ್ತಿ ಇಳಿದಾಗ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಟ್ರೀಟ್‌ಮೆಂಟ್ ಅಂತ ಆದಾಗ ಅದೇ ನರ ಹಿಡಿದು ಹೊರಗೆ ಬರ್ತದೆ. ಒಂದು ನರ ಮೈಯ ಒಂದು ಬದಿಗೆ ಮಾತ್ರ ಹೋಗುವ ಕಾರಣ ಗುಳ್ಳೆಯೂ ನಡು ಗೆರೆಗೆ ಬಂದು ನಿಲ್ತದೆ, ಹೆಡೆ ಬಾಲ ಮುಟ್ಟುವ ಹೆದರಿಕೆ ಅಗತ್ಯ ಇಲ್ಲ. ಹೆದರಬೇಕಾದ್ದು ಆಮೇಲಿನದ್ದಕ್ಕೆ. ಗುಳ್ಳೆ ಒಣಗಿ ತಿಂಗಳುಗಟ್ಟಲೆ ಆದ ಮೇಲೂ ಆ ಜಾಗದಲ್ಲಿ ಕರೆಂಟು ಹೊಡೆದ ಹಾಗೆ ನೋವು, ರಾತ್ರಿ ನಿದ್ರೆ ಇಲ್ಲ, ನರದ ಮಾತ್ರೆ ತಿಂದು ತಲೆ ತಿರುಗಿ ಬೀಳುವುದು. ಅಂಥ ಚೀಟಿ ಹಿಡ್ಕೊಂಡು ತಿಂಗಳು ತಿಂಗಳು ಬರುವ ಒಬ್ಬ ಅಜ್ಜಿ ಉಂಟು, ಸೆರಗು ಬಲಬದಿಗೆ ತಾಗದ ಹಾಗೆ ಎತ್ತಿ ಹಿಡ್ಕೊಂಡೇ ನಡೆಯುವುದು, ಮಾತ್ರೆಯ ಪಟ್ಟಿ ಕೊಟ್ರೆ "ಇದು ಯಾವಾಗ ನಿಲ್ತದೆ ಮಗಾ" ಅಂತ ಕೇಳ್ತಾರೆ. ನನ್ನಲ್ಲಿ ಉತ್ತರ ಇಲ್ಲ. ಇದಕ್ಕೆ ಶಿಂಗ್ರಿಕ್ಸ್ ಅಂತ ವ್ಯಾಕ್ಸಿನ್ ನಮ್ಮ ದೇಶಕ್ಕೆ 2023ರಲ್ಲಿ ಬಂತು, ಐವತ್ತು ದಾಟಿದವರಿಗೆ, ಎರಡು ಡೋಸ್, ಎರಡರಿಂದ ಆರು ತಿಂಗಳ ಅಂತರ, ಒಮ್ಮೆ ಸರ್ಪಸುತ್ತು ಬಂದವರೂ ಹಾಕಿಸಬಹುದು. ಒಳ್ಳೇ ವ್ಯಾಕ್ಸಿನ್, ಟ್ರಯಲಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಕೇಸನ್ನು ತಡೆದಿದೆ. ಆದ್ರೆ ರೇಟು ಕೇಳಿದ್ರೆ ಅಡಿಕೆಗೆ ಒಳ್ಳೇ ಕ್ರಯ ಇರುವ ವರ್ಷವೂ ಕೈ ಹಿಂದೆ ಬರ್ತದೆ. ಕೂಲಿ ಕೆಲಸದವರ ಮನೆಯಲ್ಲಿ ಆ ಮಾತೇ ಎತ್ಲಿಕ್ಕಿಲ್ಲ. ಸರ್ಕಾರ ಒಟ್ಟಿಗೆ ಖರೀದಿ ಮಾಡದೆ ಇದು ಬಡವರ ಮನೆಗೆ ಮುಟ್ಟುವ ದಾರಿ ನನಗಂತೂ ಕಾಣುವುದಿಲ್ಲ.

ಎಲ್ಲವೂ ಅಷ್ಟು ದುಬಾರಿ ಅಲ್ಲ. ಟಿಡಿ ಚಿಲ್ಲರೆ ದುಡ್ಡಿನದ್ದು. ಹೆಪಟೈಟಿಸ್ ಬಿ ಕೂಡ ದೊಡ್ಡ ಖರ್ಚಲ್ಲ, ಸೊನ್ನೆ, ಒಂದು, ಆರು ತಿಂಗಳು ಅಂತ ಮೂರು ಡೋಸ್, ಆದ್ರೆ ಮಕ್ಕಳಿಗೆ ದೇಶವಿಡೀ ಕೊಡ್ಲಿಕ್ಕೆ ಶುರು ಮಾಡಿದ್ದು 2011ರ ಸುಮಾರಿಗೆ, ಅದಕ್ಕಿಂತ ಮೊದಲು ಹುಟ್ಟಿದವರು ದುಡ್ಡು ಕೊಟ್ಟು ಹಾಕಿಸದಿದ್ರೆ ಹೆಚ್ಚಿನವರಿಗೆ ಆಗಿಯೇ ಇಲ್ಲ. ಡಯಾಲಿಸಿಸ್‌ಗೆ ಹೋಗುವವರು, ಆಸ್ಪತ್ರೆಯಲ್ಲಿ ಲ್ಯಾಬಲ್ಲಿ ಕೆಲಸ ಮಾಡುವವರು, ಮನೆಯಲ್ಲಿ ಒಬ್ಬರಿಗೆ ಇದ್ರೆ ಉಳಿದವರು, ಇವರೆಲ್ಲ ಇದನ್ನು ಮುಂದೆ ಹಾಕಬಾರದು. ಕಾಮಾಲೆಯ ಇನ್ನೊಂದು ಜಾತಿ ಹೆಪಟೈಟಿಸ್ ಎ, ಅದು ನೀರಿಂದ ಬರುವುದು. ಹಿಂದೆ ಸಣ್ಣದರಲ್ಲೇ ಬಂದು ಗೊತ್ತಾಗದೆ ಹೋಗ್ತಿತ್ತು, ಈಗ ನೀರು ಸುಧಾರಿಸಿ ಸಣ್ಣದರಲ್ಲಿ ಬರುವುದಿಲ್ಲ, ಮದುವೆ ಮನೆಯ ವೆಲ್‌ಕಂ ಡ್ರಿಂಕ್ ಕುಡಿದು ಮೂವತ್ತನೇ ವರ್ಷಕ್ಕೆ ಬರ್ತದೆ, ದೊಡ್ಡವರಿಗೆ ಬಂದ್ರೆ ಜೋರು. ಹೆಣ್ಣುಮಕ್ಕಳ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ವ್ಯಾಕ್ಸಿನಿನ ವಿಷಯ ಬೇರೆಯೇ ಒಂದು ಪತ್ರ ಬೇಕಾದೀತು, ಇಲ್ಲಿ ಬಿಡ್ತೇನೆ.

ಮಳೆಗಾಲದ ಜ್ವರದ ಬಗ್ಗೆ ಮಾತ್ರ ಬಿಡ್ಲಿಕ್ಕಾಗುವುದಿಲ್ಲ. ಜೂನ್ ಬಂತು ಅಂದ್ರೆ ನಮ್ಮ ಅಂಗಡಿ ಎದುರು ಲೈನ್, ಎಲ್ಲರಿಗೂ ಪ್ಯಾರಸಿಟಮಾಲ್ ಬೇಕು, "ಒಂದು ಸ್ಟ್ರಾಂಗ್ ಆಂಟಿಬಯೋಟಿಕ್ ಕೊಡಿ" ಅಂತ ಚೀಟಿ ಇಲ್ಲದೆ ಗಲಾಟೆ ಬೇರೆ. ಅದರಲ್ಲಿ ಕೆಲವು ಡೆಂಗ್ಯೂ, ಕೆಲವು ಇಲಿಜ್ವರ, ಒಂದಷ್ಟು ಫ್ಲೂ. ಫ್ಲೂ ಅಂದ್ರೆ ಸಾದಾ ಶೀತ ಅಂತ ಲೆಕ್ಕ, ಆದ್ರೆ ಹಾರ್ಟಿನ ತೊಂದರೆ ಇದ್ದವರಿಗೆ ಫ್ಲೂ ಬಂದ ಮೊದಲ ವಾರದಲ್ಲಿ ಹಾರ್ಟ್ ಅಟ್ಯಾಕ್ ಆಗುವ ಸಂಭವ ಹಲವು ಪಟ್ಟು ಜಾಸ್ತಿ ಅಂತ ಸ್ಟಡಿಗಳಲ್ಲೇ ಬಂದಿದೆ. ಸಕ್ಕರೆ ಇದ್ದವರಿಗೆ, ದಮ್ಮು ಇದ್ದವರಿಗೆ ಅದು ನ್ಯುಮೋನಿಯಾಕ್ಕೆ ತಿರುಗ್ತದೆ. ಫ್ಲೂ ವೈರಸ್ ವರ್ಷ ವರ್ಷ ವೇಷ ಬದಲಿಸುವ ಕಾರಣ ವ್ಯಾಕ್ಸಿನೂ ವರ್ಷಕ್ಕೊಮ್ಮೆ, ನಮ್ಮ ಕಡೆಯವರು ಎಪ್ರಿಲ್ ಮೇಯಲ್ಲಿ, ಮಳೆ ಹಿಡಿಯುವ ಮೊದಲು ಹಾಕಿಸಿದ್ರೆ ಒಳ್ಳೇದು. ನ್ಯುಮೋನಿಯಾದ್ದು ಬೇರೆ, ನ್ಯುಮೊಕಾಕಲ್ ಅಂತ, ಮಕ್ಕಳಿಗೆ 2021ರಿಂದ ದೇಶವಿಡೀ ಫ್ರೀ ಸಿಗ್ತದೆ, ಅರುವತ್ತೈದರ ಅಜ್ಜಿಗೆ ಸಿಗುವುದಿಲ್ಲ. ಪುಳ್ಳಿಗೆ ಸಿಕ್ಕಿದ್ದು ಅಜ್ಜಿಗೆ ಯಾಕೆ ಸಿಗಬಾರದು ಅಂತ ನೀವು ಮೇಲೆ ಬರೆದು ಕೇಳಿ.

ದೊಡ್ಡವರು ವ್ಯಾಕ್ಸಿನ್ ಹಾಕಿಸುವುದು ನಮಗೆ ಹೊಸತೂ ಅಲ್ಲ. ಹಜ್‌ಗೆ ಹೋಗುವ ನಮ್ಮ ಇಚ್ಚಂದಿರು ಮೆನಿಂಜೈಟಿಸ್ ವ್ಯಾಕ್ಸಿನ್ ಹಾಕಿಸದೆ ಹೊರಡುವುದಿಲ್ಲ, ಸೌದಿಯವರು ಸರ್ಟಿಫಿಕೇಟ್ ಇಲ್ಲದೆ ಬಿಡುವುದಿಲ್ಲ. ಆಫ್ರಿಕಾ ಕಡೆ ಕೆಲಸಕ್ಕೆ ಹೋಗುವ ಹುಡುಗರು ಯೆಲ್ಲೋ ಫೀವರಿನದ್ದು ಹಾಕಿಸಿ ಹಳದಿ ಪುಸ್ತಕ ಜೋಪಾನ ಮಾಡಿ ಇಡ್ತಾರೆ. ಕೋವಿಡ್‌ನಲ್ಲಂತೂ ದೇಶದ ಮೊದಲ ಮೂರು ಕೇಸಲ್ಲಿ ಒಂದು ನಮ್ಮ ಜಿಲ್ಲೆಯದ್ದೇ, 2020ರ ಫೆಬ್ರವರಿಯಲ್ಲಿ ಕಾಞಂಗಾಡಲ್ಲಿ, ಆಮೇಲೆ ವ್ಯಾಕ್ಸಿನ್ ಬಂದಾಗ ಶಾಲೆಯ ಬೆಂಚಲ್ಲಿ ಟೋಕನ್ ಹಿಡ್ಕೊಂಡು ಕೂತವರು ನಾವೇ. 2022ರ ಜುಲೈಗೆ ದೇಶದಲ್ಲಿ 200 ಕೋಟಿ ಡೋಸ್ ದಾಟ್ತು. ಹಾಗಾದ್ರೆ ವ್ಯವಸ್ಥೆ ಮಾಡಿದ್ರೆ ಜನ ಬರ್ತಾರೆ ಅಂತ ಆಯ್ತಲ್ಲ.

ಆದ್ರೆ ಅದೇ ಕೋವಿಡ್ ಆದ ಮೇಲೆ ಡೌಟು ಜಾಸ್ತಿ ಆಗಿದೆ, ಇದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಯಾರು ಕುಸಿದು ಬಿದ್ದು ತೀರಿಕೊಂಡ್ರೂ "ಆ ವ್ಯಾಕ್ಸಿನಿಂದ" ಅಂತ ವಾಟ್ಸಾಪಲ್ಲಿ ಬರ್ತದೆ. ಇಂಥವರಿಗೆ ಬೈದು ಬಾಯಿ ಮುಚ್ಚಿಸುವ ಕ್ರಮ ನಮ್ಮ ಜಿಲ್ಲೆಯಲ್ಲಿ ನಡೆಯುವುದಿಲ್ಲ, ಯಾಕೆ ಅಂತ ನಿಮಗೂ ಗೊತ್ತುಂಟು. ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅಂತ ಕೀಟನಾಶಕ ಬಿಟ್ಟದ್ದು 2000ದವರೆಗೆ, ಎಂತದೂ ಆಗುವುದಿಲ್ಲ ಅಂತ ಹೇಳಿಯೇ ಬಿಟ್ಟದ್ದು, ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಮನೆಗಳಲ್ಲಿ ಇವತ್ತಿಗೂ ಅದನ್ನು ಅನುಭವಿಸುವವರಿದ್ದಾರೆ. ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 2011ರಲ್ಲಿ. ಅಂಥ ಊರಲ್ಲಿ "ಸೇಫ್" ಅಂತ ಒಂದು ಬೋರ್ಡ್ ಹಾಕಿದ್ರೆ ಜನ ನಂಬ್ತಾರಾ? ನಂಬಬೇಕಾದ್ರೆ ಪೂರ್ತಿ ಹೇಳಬೇಕು. ಕೋವಿಶೀಲ್ಡ್ ತರದ ವ್ಯಾಕ್ಸಿನಿಂದ ರಕ್ತ ಹೆಪ್ಪುಗಟ್ಟುವ ತೊಂದರೆ ತೀರಾ ಅಪರೂಪಕ್ಕೆ ಆಗಿದ್ದು ನಿಜ, ಅದನ್ನು ಹೇಳಿ. ಹಾಗೇ ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನವರು 47 ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ದಿಢೀರ್ ಸಾವುಗಳನ್ನು ನೋಡಿದಾಗ ವ್ಯಾಕ್ಸಿನಿಂದ ಆ ರಿಸ್ಕ್ ಏರಿಲ್ಲ, ಎರಡು ಡೋಸ್ ತಕೊಂಡವರಲ್ಲಿ ಇಳಿದಿದೆ ಅಂತ ಬಂತು, ಅದನ್ನೂ ಹೇಳಿ. ಎಂಡೋಸಲ್ಫಾನನ್ನು ನಮ್ಮನ್ನು ಕೇಳದೆ ತಲೆ ಮೇಲೆ ಬಿಟ್ರು. ವ್ಯಾಕ್ಸಿನ್ ಹಾಗಲ್ಲ, ಕೇಳಿ, ಒಪ್ಪಿದ ಮೇಲೆ ಹಾಕುವುದು, ಬೇಡ ಅಂದ್ರೆ ಎದ್ದು ಬರಬಹುದು. ಕೈ ನೋವು, ಒಂದೆರಡು ದಿನ ಜ್ವರ ಮೈಕೈ ನೋವು ಬರ್ತದೆ, ಶಿಂಗ್ರಿಕ್ಸಿಗೆ ಸ್ವಲ್ಪ ಜಾಸ್ತಿಯೇ ಬರ್ತದೆ, ಎಲ್ಲಾದ್ರೂ ಒಬ್ಬರಿಗೆ ಅಲರ್ಜಿ ಆಗ್ತದೆ, ಅದಕ್ಕೇ ಅರ್ಧ ಗಂಟೆ ಕೂರಿಸುವುದು. ಇದನ್ನು ಮೊದಲೇ ಹೇಳಿದವರ ಮಾತನ್ನು ಜನ ಆಮೇಲೂ ಕೇಳ್ತಾರೆ.

ಈಗ ನೀವು ಎಂತ ಮಾಡಬಹುದು ಅಂತ. ಪಿಎಚ್‌ಸಿ ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರ ಪಂಚಾಯತಿನ ಕೈಯಲ್ಲೇ ಉಂಟು, ಪ್ಲಾನ್ ಫಂಡಿಂದ ಹಾಸಿಗೆ ಹಿಡಿದವರನ್ನು ನೋಡುವ ಪಾಲಿಯೇಟಿವ್ ನರ್ಸ್ ಮನೆ ಮನೆಗೆ ಹೋಗುವುದನ್ನು ಕೇರಳದ ಪಂಚಾಯತುಗಳೇ ಮಾಡಿ ತೋರಿಸಿದ್ದು, ಹಾಗಾಗಿ "ನಮ್ಮ ಕೈಯಲ್ಲಿಲ್ಲ" ಅಂತ ಹೇಳಬೇಡಿ. ಬಿಪಿ ಶುಗರ್ ಮಾತ್ರೆಗೆ ಎನ್‌ಸಿಡಿ ಕ್ಲಿನಿಕ್ ದಿನ ಪ್ರಾಯದವರೆಲ್ಲ ಹೇಗೂ ಬಂದು ಕೂತಿರ್ತಾರೆ. ಅದೇ ದಿನ ಒಬ್ಬರು ಸಿಸ್ಟರ್ ಒಂದು ಕಾರ್ಡ್ ಹಿಡ್ಕೊಂಡು ಟಿಡಿ ಯಾವಾಗ ಆದದ್ದು, ಫ್ಲೂದ್ದು ಆಗಿದೆಯಾ, ಚಿಕನ್ ಪಾಕ್ಸ್ ಬಂದಿತ್ತಾ ಅಂತ ಕೇಳಿ ಬರೆದ್ರೆ ಅರ್ಧ ಕೆಲಸ ಆಯ್ತು. ಟಿಡಿಯನ್ನಂತೂ ನಾಳೆಯೇ ಶುರು ಮಾಡಬಹುದು. ಫ್ಲೂ, ನ್ಯುಮೋನಿಯಾದ್ದು ಪಾಲಿಯೇಟಿವ್ ಲಿಸ್ಟಲ್ಲಿ ಇರುವವರಿಗೆ, ಅವರನ್ನು ನೋಡಿಕೊಳ್ಳುವವರಿಗೆ, ಆಶಾ ಅಕ್ಕಂದಿರಿಗೆ ಮೊದಲು ಕೊಡಿ. ಇದನ್ನು ನಮ್ಮ ಹಾಗಿನ ಮೆಡಿಕಲಿಗೆ ಬಿಡುವುದು ಸರಿಯಲ್ಲ, ವ್ಯಾಕ್ಸಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಗಾಳಿ ಮಳೆಗೆ ಕಂಬ ಬಿದ್ದು ಕರೆಂಟು ಹೋದ್ರೆ ನಾನು ಫ್ರಿಜ್ಜಿನ ಬಾಗಿಲು ತೆಗೆಯದೆ, ಇನ್ವರ್ಟರ್ ಎಷ್ಟು ಹೊತ್ತು ಎಳೀತದೆ ಅಂತ ನೋಡ್ತಾ ಕೂರಬೇಕು. ಪಿಎಚ್‌ಸಿಯಲ್ಲಿ ಅದಕ್ಕೇ ಅಂತ ಬೇರೆ ಫ್ರಿಜ್ ಉಂಟು, ಕರೆಂಟು ಹೋದ್ರೂ ಗಂಟೆಗಟ್ಟಲೆ ತಂಪು ಹಿಡಿಯುವಂಥದ್ದು.

ಕಾರ್ಡ್ ಯಾಕೆ ಅಂತ ಒತ್ತಿ ಹೇಳ್ತೇನೆ ಅಂದ್ರೆ ನಾವು ಗಡಿಯವರು. ಹೆರಿಗೆ ಇಲ್ಲಿ, ಆಪರೇಷನ್ ಮಂಗಳೂರಲ್ಲಿ, ಮಾತ್ರೆ ಪುನಃ ಇಲ್ಲಿ. ಅಲ್ಲಿ ಹಾಕಿದ್ದು ಇಲ್ಲಿಯವರಿಗೆ ಗೊತ್ತಿಲ್ಲ, ಇಲ್ಲಿಯದ್ದು ಅಲ್ಲಿಯವರಿಗೆ ಗೊತ್ತಿಲ್ಲ. 2020ರ ಮಾರ್ಚಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿಗೆ ದಾಟ್ಲಿಕ್ಕಾಗದೆ ಜನ ತೀರಿಕೊಂಡದ್ದನ್ನು ನಾವು ಯಾರೂ ಮರೆತಿಲ್ಲ. ಐಸಿಯು ಇನ್ನೊಂದು ರಾಜ್ಯದಲ್ಲಿ ಇರುವ ಊರಿನವರಿಗೆ ಐಸಿಯು ವರೆಗೆ ಹೋಗದ ಹಾಗೆ ನೋಡಿಕೊಳ್ಳುವುದು ಉಳಿದವರಿಗಿಂತ ಜಾಸ್ತಿ ಮುಖ್ಯ.

ಮತ್ತೆ ಕಾರ್ಡ್ ಕನ್ನಡದಲ್ಲೂ ಇರ್ಲಿ. ಮೊನ್ನೆ ಒಬ್ಬರು ಅಜ್ಜ ಒಂದು ಆಸ್ಪತ್ರೆಯಿಂದ ಕೊಟ್ಟ ನೋಟೀಸು ತಂದು ನನ್ನ ಹತ್ರ ಓದಿಸಿದ್ರು, ಪೂರ್ತಿ ಮಲಯಾಳದಲ್ಲಿ, ನಾಯಿ ಕಚ್ಚಿದ್ದಕ್ಕೆ ಮುಂದಿನ ಡೋಸ್ ಯಾವ ದಿನ ಅಂತ ಅದರಲ್ಲಿ ಬರೆದಿತ್ತು, ಅವರಿಗೆ ಗೊತ್ತಾಗದೆ ದಿನ ದಾಟಿತ್ತು. ರೇಬಿಸ್ ಬಂದ ಮೇಲೆ ಉಳಿಸುವ ಮದ್ದು ಇಲ್ಲ, ಡೋಸಿನ ತಾರೀಕು ಅಂದ್ರೆ ಜೀವದ ವಿಷಯ. ಮಲಯಾಳದ ಮೇಲೆ ನನಗೆ ಜಗಳ ಇಲ್ಲ, ಅಂಗಡಿಯಲ್ಲಿ ಅರ್ಧ ದಿನ ನಾನು ಮಾತಾಡುವುದು ಮಲಯಾಳವೇ. ಆದ್ರೆ ಭಾಷಾ ಅಲ್ಪಸಂಖ್ಯಾತರು ಸರ್ಕಾರದ ಜೊತೆ ಕನ್ನಡದಲ್ಲೇ ವ್ಯವಹಾರ ಮಾಡಬಹುದು ಅಂತ 1969ರ ಕೇರಳದ ಕಾನೂನಲ್ಲೇ ಉಂಟು, ಒಂದು ಕಾರ್ಡಲ್ಲಿ ನಾಲ್ಕು ಸಾಲು ಕನ್ನಡ ಹಾಕ್ಲಿಕ್ಕೆ ಹೊಸ ಆರ್ಡರ್ ಬೇಡ.

ಓದುವ ಉಳಿದವರಿಗೆ, ಅಣ್ಣ ಅಕ್ಕಂದಿರೇ, ಪಂಚಾಯತಿನವರು ಮಾಡುವವರೆಗೆ ಕಾಯಬೇಡಿ. ಮುಂದಿನ ಸಲ ಶುಗರ್ ಚೆಕ್ಕಿಗೆ ಹೋದಾಗ "ನನಗೆ ಯಾವ ವ್ಯಾಕ್ಸಿನ್ ಬೇಕು" ಅಂತ ಒಂದು ಮಾತು ಡಾಕ್ಟರ್ ಹತ್ರ ಕೇಳಿ, ಬಸುರಿ ಇದ್ರೆ, ಕ್ಯಾನ್ಸರ್ ಮದ್ದು ನಡೀತಾ ಇದ್ರೆ, ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಾ ಇದ್ರೆ ಅದನ್ನು ಮೊದಲೇ ಹೇಳಿ, ಕೆಲವು ವ್ಯಾಕ್ಸಿನ್ ಕೆಲವರಿಗೆ ಆಗುವುದಿಲ್ಲ. ಹಾಕಿಸಿದ ಮೇಲೆ ಸ್ಟಿಕ್ಕರ್ ಇರುವ ಚೀಟಿಯನ್ನು ಬಿಸಾಡಬೇಡಿ, ಮೊಬೈಲಲ್ಲಿ ಫೋಟೋ ತೆಗೆದು ಮಗನಿಗೋ ಸೊಸೆಗೋ ಕಳಿಸಿ ಇಡಿ.

ಪ್ರೆಸಿಡೆಂಟರೇ, ಬರುವ ಗ್ರಾಮಸಭೆಯ ಅಜೆಂಡಾದಲ್ಲಿ ಇದನ್ನು ಸೇರಿಸಿ ಅಂತ ಕೇಳಿಕೊಳ್ತೇನೆ. ರೋಡು, ಬೀದಿ ದೀಪದ ನಂತರ ಕೊನೆಗೆ ಇಟ್ಟರೂ ಅಡ್ಡಿಯಿಲ್ಲ, ಆ ದಿನ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಮುಗಿಯುವವರೆಗೆ ಕೂತಿರ್ತೇನೆ.

ಇತಿ,
ಬದಿಯಡ್ಕ ಕಡೆಯ ಒಬ್ಬ ಮೆಡಿಕಲಿನವ